ಹಳೆಯ ಪುಟ್ಟ ಕ್ಯಾಮೆರಾ ಕೊಳ್ಳುವ ಮುನ್ನ: ಕ್ಯಾನನ್ ಎ570 ಐಎಸ್, ಸೋನಿ ಡಬ್ಲ್ಯು55 ನಡುವೆ ಆಯ್ಕೆ ಹೇಗೆ?

ಒಂದು ಕಾಲಕ್ಕೆ ಮದುವೆಮನೆಗಳಲ್ಲಿ, ಕಾಲೇಜು ಪ್ರವಾಸಗಳಲ್ಲಿ ಕೈಯಿಂದ ಕೈಗೆ ದಾಟುತ್ತಿದ್ದ ಪುಟ್ಟ ಡಿಜಿಟಲ್ ಕ್ಯಾಮೆರಾ, ಮೊಬೈಲ್ ಫೋನುಗಳ ಭರಾಟೆಯಲ್ಲಿ ಬೀರುವಿನ ಮೂಲೆ ಸೇರಿತು. ಜಪಾನಿನ ಕ್ಯಾಮೆರಾ ಉದ್ಯಮದ ಸಂಘಟನೆಯಾದ ‘ಸಿಪಾ’ ನೀಡುವ ಲೆಕ್ಕದಂತೆ 2010ರಲ್ಲಿ ಅದರ ಸದಸ್ಯ ಕಂಪನಿಗಳು ಜಗತ್ತಿನಾದ್ಯಂತ ರವಾನಿಸಿದ ಡಿಜಿಟಲ್ ಕ್ಯಾಮೆರಾಗಳ ಸಂಖ್ಯೆ ಸುಮಾರು 12 ಕೋಟಿ. 2023ರಲ್ಲಿ ಅದು 80 ಲಕ್ಷಕ್ಕಿಂತಲೂ ಕೆಳಗಿಳಿದಿತ್ತು. ಹೀಗೆ ಮೂಲೆಗುಂಪಾದ ವಸ್ತುವಿಗೆ ಈಗ ಮತ್ತೆ ಬೇಡಿಕೆ ಬಂದಿರುವುದು ವಿಸ್ಮಯವೇ ಸರಿ. 2022-23ರಿಂದೀಚೆಗೆ ಕಾಲೇಜು ವಯಸ್ಸಿನ ಯುವಕ ಯುವತಿಯರು ಹಳೆಯ ಡಿಜಿಟಲ್ ಕ್ಯಾಮೆರಾಗಳನ್ನು ಹುಡುಕಿಕೊಂಡು ಹೋಗತೊಡಗಿದ್ದಾರೆ. ಹೊಸದನ್ನು ಕೊಳ್ಳುವ ಶಕ್ತಿಯಿಲ್ಲದೆ, ಆದರೆ ಫೋನಿನಾಚೆಗೆ ಛಾಯಾಗ್ರಹಣ ಕಲಿಯಬೇಕೆಂಬ ಹಂಬಲದಿಂದ ಬರುವವರೂ ಇವರಲ್ಲಿದ್ದಾರೆ.

ಇಂಥ ಗ್ರಾಹಕನ ಮುಂದೆ ಸಾಮಾನ್ಯವಾಗಿ ಎರಡು ಮೂರು ಕ್ಯಾಮೆರಾಗಳನ್ನು ಇಡಲಾಗುತ್ತದೆ. ಎಲ್ಲವೂ ಸರಿಸುಮಾರು ಒಂದೇ ವಯಸ್ಸಿನವು, ಒಂದೇ ಮೆಗಾಪಿಕ್ಸೆಲ್‌ನವು. ಯಾವುದನ್ನು ಆರಿಸಬೇಕು? ಹೊಸ ಕ್ಯಾಮೆರಾ ಕೊಳ್ಳುವಾಗ ಕೇಳುವ ಪ್ರಶ್ನೆಗಳು ಇಲ್ಲಿ ಸಾಲುವುದಿಲ್ಲ. ಹೊಸದರಲ್ಲಿ ನಾವು ಗುಣವಿಶೇಷಗಳನ್ನು ಹೋಲಿಸುತ್ತೇವೆ. ಹಳೆಯದರಲ್ಲಿ ಅದಕ್ಕೂ ಮೊದಲು ಹೋಲಿಸಬೇಕಾದುದು ಆ ಕ್ಯಾಮೆರಾ ಯಾವುದರ ಆಸರೆಯಿಂದ ಬದುಕಿದೆಯೋ ಅದನ್ನು, ಅಂದರೆ ಬ್ಯಾಟರಿ, ಚಾರ್ಜರ್ ಮತ್ತು ಮೆಮೊರಿ ಕಾರ್ಡನ್ನು.

ಈ ವರದಿಗಾರ ಈ ಪಾಠವನ್ನು ಕಲಿತದ್ದು ಕೊಂಚ ದುಬಾರಿ ಬೆಲೆ ತೆತ್ತೇ. ಅಜ್ಜಿಯ ಸಹಸ್ರ ಚಂದ್ರ ದರ್ಶನ ಶಾಂತಿಗೆಂದು ಹಳೆಯ ಕ್ಯಾಮೆರಾವೊಂದನ್ನು ಮಾರಾಟಗಾರರೊಬ್ಬರಿಂದ ಕೊಂಡದ್ದಾಯಿತು. ಜೊತೆಗೆ ‘ಉಚಿತ’ವಾಗಿ ಬಂದ ಕಾರ್ಡಿನ ಮೇಲೆ 8 ಜಿಬಿ ಎಂದು ಅಚ್ಚಾಗಿತ್ತು. ದಿನವಿಡೀ ಫೋಟೊ ತೆಗೆಯಲಾಯಿತು. ಪ್ರತಿ ಚಿತ್ರವೂ ತೆಗೆದ ಕ್ಷಣದಲ್ಲಿ ಕ್ಯಾಮೆರಾದ ಪರದೆಯ ಮೇಲೆ ಮೂಡಿ ಮರೆಯಾಗುತ್ತಿತ್ತು. ಮನೆಗೆ ಬಂದು ಕಂಪ್ಯೂಟರಿಗೆ ಹಾಕಿದಾಗ ಬೆಳಗಿನ ಪೂಜೆಯ ಚಿತ್ರಗಳು ಮಾತ್ರ ತೆರೆದುಕೊಂಡವು. ಉಳಿದ ಕಡತಗಳಿಗೆ ಹೆಸರಿತ್ತು, ಒಳಗೆ ಏನೂ ಇರಲಿಲ್ಲ. ಕಾರ್ಡ್ ನಕಲಿಯಾಗಿತ್ತು. ಕ್ಯಾಮೆರಾದಲ್ಲಿ ಒಂದಿಷ್ಟೂ ದೋಷವಿರಲಿಲ್ಲ. ಅಜ್ಜಿ ಈಗಿಲ್ಲ. ಆ ಮಧ್ಯಾಹ್ನದ ಪಂಕ್ತಿಯ, ಮೊಮ್ಮಕ್ಕಳು ಅವರನ್ನು ಸುತ್ತುವರಿದು ಕುಳಿತಿದ್ದ ಚಿತ್ರಗಳೂ ಇಲ್ಲ.

ಆದ್ದರಿಂದ ಈ ಲೇಖನದಲ್ಲಿ ಎರಡು ನಿರ್ದಿಷ್ಟ ಕ್ಯಾಮೆರಾಗಳನ್ನು ಅಕ್ಕಪಕ್ಕ ಇಟ್ಟು, ಹೋಲಿಕೆ ಮಾಡುವ ಬಗೆಯನ್ನು ವಿವರಿಸಲಾಗಿದೆ. ಓದುಗರ ಮುಂದಿರುವ ಕ್ಯಾಮೆರಾ ಇವೆರಡೂ ಅಲ್ಲದಿರಬಹುದು. ಆದರೂ ಕೇಳಬೇಕಾದ ಪ್ರಶ್ನೆಗಳು ಬದಲಾಗುವುದಿಲ್ಲ.

ಎರಡರ ಪರಿಚಯ

ಮೊದಲನೆಯದು ಕ್ಯಾನನ್ ಕಂಪನಿಯ ಪವರ್‌ಶಾಟ್ ಎ570 ಐಎಸ್. ಎರಡನೆಯದು ಸೋನಿ ಕಂಪನಿಯ ಸೈಬರ್‌ಶಾಟ್ ಡಬ್ಲ್ಯು55. ಎರಡೂ 2007ರ ಆರಂಭದಲ್ಲಿ ಪ್ರಕಟವಾದವು. ಎರಡೂ ಮಧ್ಯಮ ವರ್ಗದ ಕುಟುಂಬಗಳನ್ನು ಕಣ್ಣಮುಂದಿಟ್ಟುಕೊಂಡು ತಯಾರಾದವು. ಕ್ಯಾನನ್‌ನದು 7.1 ಮೆಗಾಪಿಕ್ಸೆಲ್, ಸೋನಿಯದು 7.2. ಚಿತ್ರಗ್ರಾಹಕ ಸಂವೇದಕ, ಅಂದರೆ ಸೆನ್ಸರ್, ಎರಡರಲ್ಲೂ ಸಿಸಿಡಿ ಬಗೆಯದು, ಅಳತೆಯೂ ಒಂದೇ: 1/2.5 ಇಂಚಿನ ವರ್ಗ. ಎರಡಕ್ಕೂ ಎರಡೂವರೆ ಇಂಚಿನ ಪರದೆ. ಎರಡರಲ್ಲೂ ಕಣ್ಣಿಟ್ಟು ನೋಡುವ ಪುಟ್ಟ ಗಾಜಿನ ಕಿಂಡಿ, ಅಂದರೆ ವ್ಯೂಫೈಂಡರ್ ಇದೆ. ಈ ಕಿಂಡಿ ನಂತರದ ವರ್ಷಗಳಲ್ಲಿ ಪುಟ್ಟ ಕ್ಯಾಮೆರಾಗಳಿಂದ ಬಹುತೇಕ ಮಾಯವಾಯಿತು. ಬಿರುಬಿಸಿಲಿನಲ್ಲಿ ಪರದೆ ಕಾಣದಾದಾಗ ಇದರ ಬೆಲೆ ತಿಳಿಯುತ್ತದೆ.

ಕಾಗದದ ಮೇಲೆ ಅವಳಿಗಳಂತೆ ಕಾಣುವ ಇವು ಕೈಗೆತ್ತಿಕೊಂಡಾಗ ಬೇರೆಯೇ. ಸೋನಿ ತೆಳುವಾಗಿದೆ, ಲೋಹದ ಹೊಳಪಿದೆ, ಅಂಗಿಯ ಜೇಬಿಗೆ ಇಳಿಯುತ್ತದೆ. ಕ್ಯಾನನ್‌ನ ದಪ್ಪ ನಾಲ್ಕು ಸೆಂಟಿಮೀಟರಿನ ಆಸುಪಾಸು. ಬಲಗೈ ಹಿಡಿಯುವೆಡೆ ಉಬ್ಬಿಕೊಂಡಿರುವುದರಿಂದ ಅಂಗಿಯ ಜೇಬಿಗೆ ಒಗ್ಗದು, ಕೈಚೀಲವೇ ಬೇಕು. ಅಂಗಡಿಯಲ್ಲಿ ಬಹುಮಂದಿಯ ಕಣ್ಣು ಮೊದಲು ಹೋಗುವುದು ಸೋನಿಯ ಕಡೆಗೇ. ಆ ಉಬ್ಬಿನೊಳಗೆ ಏನಿದೆಯೆಂಬುದು ಮುಂದೆ ತಿಳಿಯುತ್ತದೆ.

ಮೆಗಾಪಿಕ್ಸೆಲ್ ಲೆಕ್ಕ ಬದಿಗಿಡಿ

7.1ಕ್ಕಿಂತ 7.2 ಹೆಚ್ಚೆಂದು ಮಾರಾಟಗಾರ ಹೇಳಿದರೆ ನಕ್ಕು ಸುಮ್ಮನಾಗಬಹುದು. ಎರಡೂ ಕ್ಯಾಮೆರಾ ಕೊಡುವ ಅತಿ ದೊಡ್ಡ ಚಿತ್ರದ ಅಳತೆ ಒಂದೇ: ಅಡ್ಡಕ್ಕೆ 3072, ಉದ್ದಕ್ಕೆ 2304 ಚುಕ್ಕೆಗಳು. ಒಳ್ಳೆಯ ಮುದ್ರಣಕ್ಕೆ ಇಂಚಿಗೆ 300 ಚುಕ್ಕೆ ಬೇಕೆಂದು ಲೆಕ್ಕ ಹಾಕಿದರೂ ಇದರಿಂದ ಹತ್ತು ಇಂಚು ಅಗಲ, ಏಳೂವರೆ ಇಂಚು ಎತ್ತರದ ಚಿತ್ರವನ್ನು ಅಚ್ಚು ಹಾಕಿಸಬಹುದು. ಗೋಡೆಗೆ ತೂಗುಹಾಕುವ ಸಾಧಾರಣ ಕಟ್ಟಿನ ಚಿತ್ರಕ್ಕೆ ಇಷ್ಟು ಧಾರಾಳ.

ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಿಬಿಡುವುದು ಒಳಿತು. ಇಂದಿನ ಅನೇಕ ಮೊಬೈಲ್ ಫೋನುಗಳ ಸೆನ್ಸರ್ ಇವೆರಡರ ಸೆನ್ಸರ್‌ಗಿಂತ ದೊಡ್ಡದು. ಮಂದ ಬೆಳಕಿನಲ್ಲಿ ಫೋನು ಹಲವು ಚಿತ್ರಗಳನ್ನು ಕ್ಷಣಾರ್ಧದಲ್ಲಿ ತೆಗೆದು ಒಂದಾಗಿಸುತ್ತದೆ. ಈ ಕ್ಯಾಮೆರಾಗಳಿಗೆ ಆ ವಿದ್ಯೆ ತಿಳಿಯದು. ಫೋನಿಗಿಂತ ಸ್ಪಷ್ಟವಾದ ಚಿತ್ರ ಬೇಕೆಂಬ ಒಂದೇ ಕಾರಣಕ್ಕೆ ಹಳೆಯ ಪುಟ್ಟ ಕ್ಯಾಮೆರಾ ಕೊಳ್ಳಹೊರಟವರು ನಿರಾಶರಾಗುವುದು ಖಂಡಿತ. ಇವು ಕೊಡುವುದು ಬೇರೆ: ಲೆನ್ಸ್ ನಿಜವಾಗಿ ಚಲಿಸಿ ದೂರದ್ದನ್ನು ಹತ್ತಿರ ತರುವ ಜೂಮ್, ಪ್ರಖರವಾದ ನಿಜವಾದ ಫ್ಲ್ಯಾಶ್, ಕರೆ ಮತ್ತು ಸಂದೇಶಗಳ ಕಾಟವಿಲ್ಲದೆ ಚಿತ್ರದ ಮೇಲಷ್ಟೇ ಗಮನವಿಡುವ ಅವಕಾಶ.

ಕಾಲು ಮೀಟರಿನ ಅಂತರ

ಲೆನ್ಸ್ ವಿಚಾರದಲ್ಲಿ ಎರಡಕ್ಕೂ ನಿಜವಾದ ವ್ಯತ್ಯಾಸವಿದೆ. ಫಿಲ್ಮ್ ಕ್ಯಾಮೆರಾದ ಅಳತೆಗೆ ಹೋಲಿಸಿ ಹೇಳುವುದಾದರೆ ಕ್ಯಾನನ್‌ನ ಲೆನ್ಸ್ 35ರಿಂದ 140 ಮಿಲಿಮೀಟರ್, ಅಂದರೆ ನಾಲ್ಕು ಪಟ್ಟು ಜೂಮ್. ಸೋನಿಯದು 38ರಿಂದ 114 ಮಿಲಿಮೀಟರ್, ಅಂದರೆ ಮೂರು ಪಟ್ಟು.

ಈ ಅಂಕಿಗಳನ್ನು ಮನೆಯ ಹಜಾರಕ್ಕೆ ತಂದು ನೋಡೋಣ. ಮೂರು ಮೀಟರ್ ದೂರದಲ್ಲಿ ಸಾಲಾಗಿ ನಿಂತವರ ಗುಂಪುಚಿತ್ರ ತೆಗೆಯುವಾಗ 35 ಮಿಲಿಮೀಟರ್ ಲೆನ್ಸ್, 38ಕ್ಕಿಂತ ಸುಮಾರು ಕಾಲು ಮೀಟರ್ ಹೆಚ್ಚು ಅಗಲವನ್ನು ಚೌಕಟ್ಟಿನೊಳಗೆ ತರುತ್ತದೆ. ಅಂಚಿನಲ್ಲಿ ಅರ್ಧಕ್ಕೆ ಕತ್ತರಿಸಿಹೋಗುವ ಒಬ್ಬರು ಇದರಿಂದ ಉಳಿದುಕೊಳ್ಳುತ್ತಾರೆ. ಹಿಂದೆ ಸರಿಯಲು ಗೋಡೆ ಅಡ್ಡ ಬರುವ ನಮ್ಮ ಮನೆಗಳಲ್ಲಿ ಇದು ಸಣ್ಣ ಲಾಭವೇನಲ್ಲ. ಮತ್ತೊಂದು ತುದಿಯಲ್ಲಿ, ಶಾಲೆಯ ವಾರ್ಷಿಕೋತ್ಸವದ ವೇದಿಕೆಯ ಮೇಲೆ ಕುಣಿಯುತ್ತಿರುವ ಮಗುವನ್ನು ಸಭಿಕರ ನಡುವಿನಿಂದ ಹಿಡಿಯಬೇಕಾದಾಗಲೂ 140 ಮಿಲಿಮೀಟರ್ ಮೇಲು.

ಬೆಳಕನ್ನು ಒಳಬಿಡುವ ಶಕ್ತಿಯಲ್ಲಿ ಹೆಚ್ಚಿನ ಅಂತರವಿಲ್ಲ. ಅಗಲದ ತುದಿಯಲ್ಲಿ ಕ್ಯಾನನ್ ಎಫ್/2.6, ಸೋನಿ ಎಫ್/2.8. ಜೂಮ್ ತುದಿಯಲ್ಲಿ ಕ್ಯಾನನ್ ಎಫ್/5.5, ಸೋನಿ ಎಫ್/5.2. ಇಲ್ಲಿ ಸಂಖ್ಯೆ ಕಡಿಮೆಯಾದಷ್ಟೂ ಬೆಳಕು ಹೆಚ್ಚು. ಈ ಅಂಶದಲ್ಲಿ ಎರಡನ್ನೂ ಸಮಬಲವೆಂದೇ ಪರಿಗಣಿಸಬಹುದು.

ಕೈನಡುಕಕ್ಕೆ ಮದ್ದು

ಕ್ಯಾನನ್‌ನ ಹೆಸರಿನ ಕೊನೆಯಲ್ಲಿರುವ ‘ಐಎಸ್’ ಎಂಬ ಎರಡಕ್ಷರ ಅಲಂಕಾರಕ್ಕೆ ಬಂದದ್ದಲ್ಲ. ಕೈ ಅಲುಗಿದಾಗ ಲೆನ್ಸಿನೊಳಗಿನ ಒಂದು ಭಾಗ ಅದಕ್ಕೆ ಪ್ರತಿಯಾಗಿ ಸರಿದು ಚಿತ್ರವನ್ನು ಸ್ಥಿರಗೊಳಿಸುವ ವ್ಯವಸ್ಥೆ ಅದು. ಸೋನಿ ಡಬ್ಲ್ಯು55ರಲ್ಲಿ ಈ ಸೌಲಭ್ಯವಿಲ್ಲ. ಅದೇ ವರ್ಷದ ಡಬ್ಲ್ಯು80 ಮಾದರಿಯಲ್ಲಿ ಸೋನಿ ಅದನ್ನು ಒದಗಿಸಿತ್ತು. ಎರಡರ ಹೆಸರೂ ಹೋಲುವುದರಿಂದ ಕೊಳ್ಳುವವರು ಎಚ್ಚರದಿಂದಿರಬೇಕು.

ಇದರ ಪ್ರಯೋಜನವೇನು? ಕೈಯಲ್ಲಿ ಹಿಡಿದು ಚಿತ್ರ ತೆಗೆಯುವಾಗ ಛಾಯಾಗ್ರಾಹಕರು ಪಾಲಿಸುವ ಹಳೆಯ ಸೂತ್ರವೊಂದಿದೆ. ಲೆನ್ಸ್ ಎಷ್ಟು ಮಿಲಿಮೀಟರೋ, ಶಟರ್ ವೇಗ ಸೆಕೆಂಡಿನ ಅಷ್ಟನೆಯ ಒಂದು ಭಾಗಕ್ಕಿಂತ ನಿಧಾನವಾಗಬಾರದು. ಅಂದರೆ 140 ಮಿಲಿಮೀಟರಿನಲ್ಲಿ ಸುಮಾರು 1/140 ಸೆಕೆಂಡ್ ಬೇಕು. ಸ್ಥಿರೀಕರಣವಿದ್ದರೆ 1/30 ಸೆಕೆಂಡಿನಲ್ಲೂ ಹಲವು ಚಿತ್ರಗಳು ಕದಡದೆ ಬರುತ್ತವೆ. ದೇವಸ್ಥಾನದ ನವರಂಗದಂಥ ಮಬ್ಬು ಬೆಳಕಿನ ಜಾಗದಲ್ಲಿ, ಚಿತ್ರ ತೆಗೆಯಲು ಅನುಮತಿಯಿದ್ದಾಗ, ಕಂಬದ ಕೆತ್ತನೆಯನ್ನು ಫ್ಲ್ಯಾಶ್ ಇಲ್ಲದೆ ಹಿಡಿಯಲು ಇದು ನೆರವಾಗುತ್ತದೆ. ಆದರೆ ಇದು ಕೈಯ ನಡುಕಕ್ಕೆ ಮಾತ್ರ ಮದ್ದು. ಓಡುವ ಮಗುವಿನ ಚಲನೆಯನ್ನು ಇದು ನಿಲ್ಲಿಸಲಾರದು. ಅದಕ್ಕೆ ಬೆಳಕೇ ಬೇಕು.

ಬೆಳಕು ಸಾಲದಾದಾಗ ಸೆನ್ಸರ್‌ನ ಸಂವೇದನೆಯನ್ನು, ಅಂದರೆ ಐಎಸ್‌ಒ ಅಂಕಿಯನ್ನು, ಏರಿಸಬಹುದು. ಕ್ಯಾನನ್‌ನಲ್ಲಿ ಅದು 80ರಿಂದ 1600ರವರೆಗೆ, ಸೋನಿಯಲ್ಲಿ 100ರಿಂದ 1000ದವರೆಗೆ. ಕ್ಯಾನನ್ ಮುಂದಿದೆಯೆಂದು ಇದರಿಂದ ತೀರ್ಮಾನಿಸಬೇಕಾಗಿಲ್ಲ. ಕಿರುಬೆರಳಿನ ಉಗುರಿಗಿಂತ ಚಿಕ್ಕದಾದ ಈ ಸೆನ್ಸರ್‌ಗಳಲ್ಲಿ 400 ದಾಟಿದರೆ ಚಿತ್ರದ ಮೇಲೆ ಮರಳು ಎರಚಿದಂತೆ ಕಾಣತೊಡಗುತ್ತದೆ. 1000, 1600 ಎಂಬುವು ಇದ್ದೂ ಇಲ್ಲದಂತೆ.

ಕಲಿಯುವವರಿಗೆ ಯಾವುದು?

ಸೋನಿ ಡಬ್ಲ್ಯು55 ಗುಂಡಿ ಒತ್ತಿದರೆ ಚಿತ್ರ ಕೊಡುವ ಕ್ಯಾಮೆರಾ. ಸಮುದ್ರತೀರ, ಇರುಳು, ಭೂದೃಶ್ಯ ಎಂದು ಸಿದ್ಧಪಡಿಸಿಟ್ಟ ಕೆಲವು ಆಯ್ಕೆಗಳಿವೆ. ಐಎಸ್‌ಒ, ಬಣ್ಣದ ಸಮತೋಲ ಮುಂತಾದವನ್ನು ಬದಲಿಸಬಹುದು. ಆದರೆ ಶಟರ್ ವೇಗವನ್ನಾಗಲಿ, ಲೆನ್ಸಿನ ಕಿಂಡಿಯ ಅಗಲವನ್ನಾಗಲಿ ನಾವೇ ನಿಗದಿಪಡಿಸಲು ಬರುವುದಿಲ್ಲ. ಇದು ದೋಷವೆಂದಲ್ಲ. ಅಮ್ಮನ ಕೈಗೋ ಚಿಕ್ಕಪ್ಪನ ಕೈಗೋ ಕೊಟ್ಟು ‘ಇದನ್ನು ಒತ್ತಿ’ ಎಂದಷ್ಟೇ ಹೇಳಬೇಕಾದ ಮನೆಗೆ ಇದೇ ಅನುಕೂಲ.

ಕ್ಯಾನನ್‌ನಲ್ಲಿ ಇವೆಲ್ಲವೂ ಛಾಯಾಗ್ರಾಹಕನ ಕೈಯಲ್ಲಿವೆ. ಶಟರನ್ನು 15 ಸೆಕೆಂಡಿನಿಂದ 1/2000 ಸೆಕೆಂಡಿನವರೆಗೆ ಬೇಕಾದಂತೆ ಹೊಂದಿಸಬಹುದು. ಕ್ಯಾಮೆರಾವನ್ನು ಮುಕ್ಕಾಲಿಯ ಮೇಲಿಟ್ಟು ಮೈಸೂರು ದಸರೆಯ ದೀಪಾಲಂಕಾರವನ್ನೋ, ಘಾಟಿಯ ತಿರುವಿನಲ್ಲಿ ವಾಹನಗಳ ದೀಪ ಎಳೆಯುವ ಗೆರೆಗಳನ್ನೋ ಹಿಡಿಯಬಹುದು. ಸಾಲದೆಂಬಂತೆ, ‘ಸಿಎಚ್‌ಡಿಕೆ’ ಎಂಬ ಉಚಿತ ತಂತ್ರಾಂಶ ಈ ಮಾದರಿಯಲ್ಲಿ ಕೆಲಸ ಮಾಡುತ್ತದೆ. ಆಸಕ್ತರೇ ಸೇರಿ ರೂಪಿಸಿದ ಈ ತಂತ್ರಾಂಶ ಕಾರ್ಡಿನಿಂದಲೇ ಓಡುತ್ತದೆ, ಕ್ಯಾಮೆರಾದ ಮೂಲ ತಂತ್ರಾಂಶವನ್ನು ಅಳಿಸುವುದಿಲ್ಲ. ಸಂಸ್ಕರಿಸದ ಕಚ್ಚಾ ಚಿತ್ರವನ್ನು, ಅಂದರೆ ‘ರಾ’ ಕಡತವನ್ನು, ಉಳಿಸಿಕೊಳ್ಳುವ ಸೌಲಭ್ಯವನ್ನೂ ನೀಡುತ್ತದೆ. ಇದು ಕ್ಯಾನನ್ ಕಂಪನಿಯದಲ್ಲವಾದ್ದರಿಂದ ಬಳಸುವವರು ತಮ್ಮ ಹೊಣೆಯ ಮೇಲೆ ಬಳಸಬೇಕು. ಛಾಯಾಗ್ರಹಣದ ಓನಾಮ ಕಲಿಯಬೇಕೆನ್ನುವ ವಿದ್ಯಾರ್ಥಿಗೆ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ದೊಡ್ಡ ಪಾಠಶಾಲೆ ಸಿಗುವುದು ಅಪರೂಪ.

ಸೆಲ್ಲೋ, ಬ್ಯಾಟರಿಯೋ?

ಈಗ ಕ್ಯಾನನ್‌ನ ಉಬ್ಬಿಗೆ ಬರೋಣ. ಅದರೊಳಗೆ ಇರುವುದು ಎರಡು ಪೆನ್ಸಿಲ್ ಸೆಲ್. ಗೋಡೆ ಗಡಿಯಾರಕ್ಕೆ ಹಾಕುವ ಅದೇ ‘ಎಎ’ ಅಳತೆಯದು, ಊರಿನ ಯಾವ ಅಂಗಡಿಯಲ್ಲೂ ಸಿಗುವಂಥದು. ಸೋನಿಗೆ ಬೇಕಾದುದು ‘ಎನ್‌ಪಿ-ಬಿಜಿ1’ ಎಂಬ ಅದರದೇ ಲಿಥಿಯಂ ಬ್ಯಾಟರಿ ಮತ್ತು ಅದಕ್ಕೊಪ್ಪುವ ಚಾರ್ಜರ್.

2007ರಲ್ಲಿ ಹೊಸ ಕ್ಯಾಮೆರಾ ಕೊಳ್ಳುವವರಿಗೆ ಸೋನಿಯ ವ್ಯವಸ್ಥೆಯೇ ಸೊಗಸಾಗಿ ಕಂಡಿದ್ದರೆ ಅಚ್ಚರಿಯಿಲ್ಲ. ಹಗುರ, ತೆಳು, ಒಮ್ಮೆ ಚಾರ್ಜ್ ಮಾಡಿದರೆ ಮುಗಿಯಿತು. ಆದರೆ ಲಿಥಿಯಂ ಬ್ಯಾಟರಿ ಬಳಸಿದರೂ ಬಳಸದಿದ್ದರೂ ವರ್ಷಗಳುರುಳಿದಂತೆ ಸೊರಗುತ್ತದೆ. ಸುಮಾರು ಎರಡು ದಶಕ ಕಳೆದ ಮೇಲೆ ಮೂಲ ಬ್ಯಾಟರಿಯಲ್ಲಿ ಜೀವ ಉಳಿದಿರುತ್ತದೆಂದು ನಿರೀಕ್ಷಿಸುವಂತಿಲ್ಲ. ಅದೃಷ್ಟವಶಾತ್ ಇದೇ ಬ್ಯಾಟರಿಯನ್ನು ಸೋನಿ ತನ್ನ ಇನ್ನೂ ಅನೇಕ ಕ್ಯಾಮೆರಾಗಳಲ್ಲಿ ಬಳಸಿದ್ದರಿಂದ ಇತರ ತಯಾರಕರ ಬದಲಿ ಬ್ಯಾಟರಿಗಳು ಲಭ್ಯವಿವೆ. ಅವುಗಳ ಗುಣಮಟ್ಟ ಮಾತ್ರ ಒಂದೇ ತೆರನಾಗಿರುವುದಿಲ್ಲ. ಬ್ಯಾಟರಿಯ ಹೊಟ್ಟೆ ಉಬ್ಬಿದ್ದರೆ, ಗೂಡಿನಿಂದ ಹೊರತೆಗೆಯಲು ಬಿಗಿಯಾಗಿದ್ದರೆ ಅದನ್ನು ಚಾರ್ಜ್ ಮಾಡುವ ಸಾಹಸಕ್ಕೆ ಇಳಿಯಬಾರದು. ಬೆಂಕಿಯ ಅಪಾಯವಿದೆ.

ಕ್ಯಾನನ್ ಕೊಂಡವರೂ ಒಂದು ತಪ್ಪು ಮಾಡುವುದುಂಟು. ಗಡಿಯಾರಕ್ಕೆ, ರಿಮೋಟಿಗೆ ಹಾಕುವ ಅಗ್ಗದ ಸತು-ಇಂಗಾಲದ ಸೆಲ್ ಹಾಕಿ, ಕ್ಯಾಮೆರಾ ಕೆಟ್ಟಿದೆಯೆಂದು ಬೇಸರಿಸುತ್ತಾರೆ. ಲೆನ್ಸನ್ನು ಹೊರಚಾಚಿ ಫ್ಲ್ಯಾಶ್ ಉರಿಸುವಷ್ಟು ಶಕ್ತಿ ಅವಕ್ಕಿಲ್ಲ. ಅಲ್ಕಲೈನ್ ಸೆಲ್ ಕೆಲಸ ನಡೆಸುತ್ತದೆ, ಆದರೆ ಬೇಗ ಬರಿದಾಗುತ್ತದೆ. ಇದಕ್ಕೆ ಸರಿಯಾದುದು ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ನಿಕಲ್ ಮೆಟಲ್ ಹೈಡ್ರೈಡ್ ಸೆಲ್. ಚಾರ್ಜ್ ಮಾಡಿಟ್ಟು ತಿಂಗಳುಗಳ ನಂತರವೂ ಶಕ್ತಿ ಉಳಿಸಿಕೊಳ್ಳುವ ಬಗೆಯದನ್ನು ಕೇಳಿ ಪಡೆಯಬೇಕು. ಅವು ಪ್ರವಾಸದ ನಡುವೆ ಮುಗಿದರೂ ಹತ್ತಿರದ ಅಂಗಡಿಯ ಅಲ್ಕಲೈನ್ ಸೆಲ್ ಆಪತ್ತಿಗಾಗುತ್ತದೆ. ಎರಡು ಸೆಲ್‌ಗಳ ಕ್ಯಾಮೆರಾದ ಒಂದು ಕೊರತೆಯನ್ನು ಒಪ್ಪಿಕೊಳ್ಳಲೇಬೇಕು. ಒಮ್ಮೆ ಫ್ಲ್ಯಾಶ್ ಉರಿದ ಮೇಲೆ ಮತ್ತೆ ಸಿದ್ಧವಾಗಲು ಅದು ಕೊಂಚ ಹೊತ್ತು ತೆಗೆದುಕೊಳ್ಳುತ್ತದೆ. ಧಾರೆಯ ಹೊತ್ತಿನಲ್ಲಿ ಈ ಕಾಯುವಿಕೆ ದೀರ್ಘವೆನಿಸೀತು.

ಕಾರ್ಡ್ ಎಂಬ ನಿರ್ಣಾಯಕ ಅಂಶ

ಎರಡರ ನಡುವಿನ ಅತಿ ದೊಡ್ಡ ಅಂತರ ಇರುವುದು ಉಗುರಗಲದ ಈ ವಸ್ತುವಿನಲ್ಲಿ. ಕ್ಯಾನನ್‌ಗೆ ಎಸ್‌ಡಿ ಮತ್ತು ಎಸ್‌ಡಿಎಚ್‌ಸಿ ಕಾರ್ಡುಗಳು ಆಗುತ್ತವೆ. ಸೋನಿಗೆ ಮೆಮೊರಿ ಸ್ಟಿಕ್ ಡ್ಯುಯೊ ಅಥವಾ ಪ್ರೊ ಡ್ಯುಯೊ ಎಂಬ ಅದರದೇ ಕಾರ್ಡ್ ಬೇಕು.

ಎಸ್‌ಡಿ ಇಂದಿಗೂ ಹೊಸ ಕ್ಯಾಮೆರಾಗಳಲ್ಲಿ ಬಳಕೆಯಲ್ಲಿದೆ, ಹೊಸದಾಗಿ ಸಿಗುತ್ತದೆ. ಗಮನಿಸಬೇಕಾದ ಮಿತಿ ಒಂದೇ. ಎಸ್‌ಡಿಎಚ್‌ಸಿ ವರ್ಗದ ಮಿತಿ 32 ಜಿಬಿ. ಅದಕ್ಕಿಂತ ದೊಡ್ಡವು 2009ರಲ್ಲಿ ಬಂದ ಎಸ್‌ಡಿಎಕ್ಸ್‌ಸಿ ವರ್ಗಕ್ಕೆ ಸೇರಿದವು. 2007ರ ಈ ಕ್ಯಾಮೆರಾಗೆ ಅವು ತಯಾರಾದದ್ದಲ್ಲ. ದೊಡ್ಡ ಕಾರ್ಡಿನ ಅಗತ್ಯವೂ ಇಲ್ಲ. ಒಂದು ಚಿತ್ರಕ್ಕೆ ಸುಮಾರು ಮೂರು ಎಂಬಿ ಎಂದರೂ 2 ಜಿಬಿ ಕಾರ್ಡಿನಲ್ಲಿ ಆರುನೂರಕ್ಕೂ ಹೆಚ್ಚು ಚಿತ್ರಗಳು ಹಿಡಿಯುತ್ತವೆ.

ಮೆಮೊರಿ ಸ್ಟಿಕ್ಕಿನ ಕಥೆ ಬೇರೆ. 2010ರಲ್ಲಿ ಸೋನಿಯೇ ತನ್ನ ಕ್ಯಾಮೆರಾಗಳಲ್ಲಿ ಎಸ್‌ಡಿ ಕಾರ್ಡಿಗೆ ಎಡೆಮಾಡಿಕೊಟ್ಟಿತು. ಆ ಬಳಿಕ ಮೆಮೊರಿ ಸ್ಟಿಕ್ ಹಿನ್ನೆಲೆಗೆ ಸರಿಯಿತು. ಈಗ ದೊರೆಯುವ ಮೆಮೊರಿ ಸ್ಟಿಕ್‌ಗಳಲ್ಲಿ ಬಳಸಿ ಬಿಟ್ಟವು, ನಕಲಿಗಳು ಸಾಕಷ್ಟಿವೆ. ಮೈಕ್ರೊ ಎಸ್‌ಡಿ ಕಾರ್ಡನ್ನು ಮೆಮೊರಿ ಸ್ಟಿಕ್ ಗೂಡಿಗೆ ಹೊಂದಿಸುವ ಅಡಾಪ್ಟರುಗಳಿವೆ. ಆದರೆ ಎಲ್ಲವೂ ಎಲ್ಲ ಕ್ಯಾಮೆರಾದಲ್ಲೂ ಸರಿಯಾಗಿ ನಡೆಯುವುದಿಲ್ಲ. ಕೊಳ್ಳುವ ಮುನ್ನ ಅದೇ ಕ್ಯಾಮೆರಾದಲ್ಲಿ ಹಾಕಿ ನೋಡುವುದೊಂದೇ ದಾರಿ. ಚಿತ್ರಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲು ಈ ಕಾರ್ಡನ್ನು ಓದಬಲ್ಲ ಕಾರ್ಡ್ ರೀಡರ್ ಕೂಡ ಬೇಕಾಗುತ್ತದೆ.

ನಕಲಿ ಕಾರ್ಡ್ ಹೇಗೆ ಮೋಸ ಮಾಡುತ್ತದೆ ಎಂಬುದನ್ನು ತಿಳಿದಿರಬೇಕು. ಅದರೊಳಗಿನ ಪುಟ್ಟ ನಿಯಂತ್ರಕ ಚಿಪ್, ಒಳಗೆ ಒಂದು ಜಿಬಿ ಜಾಗವಿದ್ದರೂ ಎಂಟು ಜಿಬಿ ಇದೆಯೆಂದು ಕ್ಯಾಮೆರಾಗೆ ಸುಳ್ಳು ವರದಿ ಕೊಡುತ್ತದೆ. ಕ್ಯಾಮೆರಾ ಅದನ್ನು ನಂಬುತ್ತದೆ. ಇರುವ ಜಾಗ ತುಂಬುವವರೆಗೆ ಎಲ್ಲವೂ ಸರಿ. ಆಮೇಲಿನ ಚಿತ್ರಗಳ ಹೆಸರಷ್ಟೇ ದಾಖಲಾಗುತ್ತದೆ, ಚಿತ್ರ ಎಲ್ಲಿಯೂ ಉಳಿಯುವುದಿಲ್ಲ. ಕೆಲವು ನಕಲಿಗಳಲ್ಲಿ ಹೊಸ ಚಿತ್ರ ಹಳೆಯದನ್ನೇ ಅಳಿಸಿಹಾಕುತ್ತದೆ. ಕ್ಯಾಮೆರಾ ತೆಗೆದ ಕ್ಷಣದಲ್ಲಿ ತೋರಿಸುವ ಚಿತ್ರ ಅದರ ಸ್ವಂತ ನೆನಪಿನಿಂದ ಬಂದದ್ದು. ಆದ್ದರಿಂದ ಅದನ್ನು ಕಂಡು ಕಾರ್ಡ್ ಸರಿಯಿದೆಯೆಂದು ಭಾವಿಸುವಂತಿಲ್ಲ. ಇದಕ್ಕಿರುವ ಪರೀಕ್ಷೆ ಸರಳ. ಕಂಪ್ಯೂಟರಿನಿಂದ ದೊಡ್ಡ ಕಡತಗಳನ್ನು ಕಾರ್ಡ್ ಭರ್ತಿಯಾಗುವವರೆಗೆ ತುಂಬಿಸಬೇಕು. ಅದನ್ನು ಹೊರತೆಗೆದು ಮತ್ತೆ ಹಾಕಿ, ಕೊನೆಯಲ್ಲಿ ಹಾಕಿದ ಕಡತ ತೆರೆಯುತ್ತದೆಯೇ, ಮೊದಲು ಹಾಕಿದ್ದು ಉಳಿದಿದೆಯೇ ಎಂದು ನೋಡಬೇಕು. ಅರ್ಧ ಗಂಟೆಯ ಈ ಕೆಲಸವನ್ನು ಸಮಾರಂಭದ ಹಿಂದಿನ ವಾರವೇ ಮುಗಿಸಿಕೊಳ್ಳಬೇಕು.

‘ಸಿಸಿಡಿ ಬಣ್ಣ’ದ ಮಾತು

ಹಳೆಯ ಸಿಸಿಡಿ ಸೆನ್ಸರ್‌ನ ಚಿತ್ರಗಳಿಗೆ ವಿಶೇಷ ಬಣ್ಣವಿದೆಯೆಂದು ಹೇಳಿ ಹೆಚ್ಚಿನ ಬೆಲೆ ಕೇಳುವವರಿದ್ದಾರೆ. ಸೆನ್ಸರ್ ಯಾವುದೇ ಇರಲಿ, ಅದು ಅಳೆಯುವುದು ಬೆಳಕಿನ ಪ್ರಮಾಣವನ್ನು ಮಾತ್ರ. ಬಣ್ಣವನ್ನು ನಿರ್ಧರಿಸುವುದು ಅದರ ಮೇಲಿರುವ ಬಣ್ಣದ ಶೋಧಕ ಹಾಗೂ ಕ್ಯಾಮೆರಾದೊಳಗಿನ ಸಂಸ್ಕರಣೆ. ಹಳೆಯ ಚಿತ್ರಗಳು ಭಿನ್ನವಾಗಿ ಕಾಣುವುದು ನಿಜ. ಗಾಢ ಬಣ್ಣ, ಥಟ್ಟನೆ ಬಿಳಿಯಾಗುವ ಆಕಾಶ, ಮುಖಕ್ಕೆ ನೇರವಾಗಿ ಬೀಳುವ ಫ್ಲ್ಯಾಶ್, ಹಿನ್ನೆಲೆಯ ಕತ್ತಲೆ ಇವೆಲ್ಲ ಸೇರಿ ಆ ನೋಟವನ್ನು ಕೊಡುತ್ತವೆ. ಅದು ಇಷ್ಟವಾದರೆ ಕೊಳ್ಳಬಹುದು. ಆದರೆ ಎರಡರಲ್ಲೂ ಸಿಸಿಡಿಯೇ ಇರುವಾಗ ಆ ಹೆಸರಿನಲ್ಲಿ ಒಂದಕ್ಕೆ ಹೆಚ್ಚು ಹಣ ತೆರುವುದರಲ್ಲಿ ಅರ್ಥವಿಲ್ಲ.

ಕರಾವಳಿ, ಮಲೆನಾಡಿನವರು ಗಮನಿಸಿ

ಬಿಸಿ ಮತ್ತು ತೇವ ಕ್ಯಾಮೆರಾದ ಹಳೆಯ ಶತ್ರುಗಳು. 2005ರಲ್ಲಿ ಸೋನಿ ತಯಾರಿಸಿದ ಕೆಲವು ಸಿಸಿಡಿಗಳಲ್ಲಿ ದೋಷ ಬೆಳಕಿಗೆ ಬಂದು, ಅವನ್ನು ಬಳಸಿದ್ದ ಹಲವು ಕಂಪನಿಗಳು ಉಚಿತ ದುರಸ್ತಿ ಪ್ರಕಟಿಸಬೇಕಾಯಿತು. ಬಿಸಿ ಮತ್ತು ಆರ್ದ್ರತೆ ಹೆಚ್ಚಿರುವ ಕಡೆ ಈ ದೋಷ ಬೇಗ ತಲೆದೋರುತ್ತಿತ್ತು. ಚಿತ್ರ ವಿಕಾರಗೊಳ್ಳುತ್ತಿತ್ತು ಅಥವಾ ಏನೂ ಮೂಡುತ್ತಿರಲಿಲ್ಲ. ಮುಖ್ಯವಾಗಿ 2002ರಿಂದ 2004ರ ನಡುವಿನ ಮಾದರಿಗಳು ಇದಕ್ಕೆ ಗುರಿಯಾದವು. ಇಲ್ಲಿ ಚರ್ಚಿಸುತ್ತಿರುವ ಎರಡೂ ಆ ನಂತರದವು. ಆದರೆ ಆ ಅವಧಿಯ ಕ್ಯಾಮೆರಾವನ್ನು ಯಾರಾದರೂ ತೋರಿಸಿದರೆ ಎರಡು ಬಾರಿ ಯೋಚಿಸಬೇಕು.

ಎಲ್ಲ ಕ್ಯಾಮೆರಾಗಳನ್ನೂ ಕಾಡುವುದು ಬೂಷ್ಟು. ಮಂಗಳೂರು, ಕಾರವಾರದಂಥ ಕಡಲತಡಿಯ ಊರುಗಳಲ್ಲಿ, ಮಡಿಕೇರಿ, ಆಗುಂಬೆಯಂಥ ಮಳೆಯ ಸೀಮೆಯಲ್ಲಿ ವರ್ಷಗಟ್ಟಲೆ ಚರ್ಮದ ಚೀಲದೊಳಗೆ ಮುಚ್ಚಿಟ್ಟ ಕ್ಯಾಮೆರಾದ ಲೆನ್ಸಿನಲ್ಲಿ ಜೇಡರ ಬಲೆಯಂಥ ಎಳೆಗಳು ಹರಡಿರುವುದುಂಟು. ಒಳಗಿನ ಗಾಜಿಗೆ ಹತ್ತಿದ ಬೂಷ್ಟನ್ನು ತೆಗೆಸುವ ಖರ್ಚು ಈ ಕ್ಯಾಮೆರಾದ ಬೆಲೆಯನ್ನೇ ಮೀರೀತು. ಕೊಂಡ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡುವುದು ಒಳ್ಳೆಯದು.

ಅಂಗಡಿಯಲ್ಲಿ ಹದಿನೈದು ನಿಮಿಷ

ಬೆಂಗಳೂರಿನ ಎಸ್.ಪಿ. ರಸ್ತೆಯಿರಲಿ, ಪರಿಚಿತರ ಮನೆಯಿರಲಿ, ಕೈಬೀಸಿಕೊಂಡು ಹೋಗಬಾರದು. ಚಾರ್ಜ್ ಮಾಡಿದ ಎರಡು ಸೆಲ್, ಪರೀಕ್ಷಿಸಿದ ಒಂದು ಕಾರ್ಡ್ ಜೇಬಿನಲ್ಲಿರಲಿ. ಸೋನಿಯಾದರೆ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿಡುವಂತೆ ಮೊದಲೇ ಹೇಳಿರಬೇಕು. ಬಳಿಕ ಈ ಕ್ರಮದಲ್ಲಿ ನೋಡಿ.

1. ಬ್ಯಾಟರಿ ಗೂಡಿನ ಬಾಗಿಲು ತೆರೆಯಿರಿ. ಲೋಹದ ತುದಿಗಳ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಂಡರೆ ಸೆಲ್ ಸೋರಿದೆ ಎಂದರ್ಥ. ಬಾಗಿಲಿನ ಚಿಲಕ ಮುರಿದಿಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಿ. ಸೆಲ್ ಬಳಸುವ ಕ್ಯಾಮೆರಾಗಳಲ್ಲಿ ಇದೇ ದುರ್ಬಲ ಭಾಗ.

2. ಹತ್ತು ಬಾರಿ ಆನ್ ಮಾಡಿ, ಆಫ್ ಮಾಡಿ. ಲೆನ್ಸ್ ಪ್ರತಿಬಾರಿಯೂ ತಡೆಯಿಲ್ಲದೆ ಹೊರಬಂದು ಒಳಹೋಗಬೇಕು. ಕ್ಯಾನನ್ ಲೆನ್ಸ್ ದೋಷದ ಸಂದೇಶ ತೋರಿದರೆ, ಸೋನಿ ‘ಇ:61’ ಎಂದು ಆರಂಭವಾಗುವ ಸಂಕೇತ ತೋರಿದರೆ ಅಲ್ಲಿಗೇ ಕೈಬಿಡಿ. ಸೋನಿಯ ‘ಸಿ:13’ ಸಂಕೇತ ಕಾರ್ಡಿಗೆ ಸಂಬಂಧಿಸಿದ್ದು, ಬೇರೆ ಕಾರ್ಡ್ ಹಾಕಿ ನೋಡಬಹುದು.

3. ಜೂಮನ್ನು ಎರಡೂ ತುದಿಗೆ ಒಯ್ದು, ಹತ್ತಿರದ ಒಂದು ವಸ್ತು, ದೂರದ ಒಂದು ವಸ್ತುವಿನ ಚಿತ್ರ ತೆಗೆಯಿರಿ.

4. ಮೊಬೈಲಿನ ಟಾರ್ಚನ್ನು ಓರೆಯಾಗಿ ಹಿಡಿದು ಲೆನ್ಸಿನೊಳಗೆ ಇಣುಕಿ. ಬೂಷ್ಟು, ಗೀರು ಕಾಣುತ್ತವೆ.

5. ಬಿಳಿ ಗೋಡೆಯ ಅಥವಾ ಆಕಾಶದ ಚಿತ್ರ ತೆಗೆಯಿರಿ. ಕ್ಯಾನನ್‌ನಲ್ಲಿ ಕಿಂಡಿಯನ್ನು ಎಫ್/8ಕ್ಕೆ ಕಿರಿದುಗೊಳಿಸಿ. ಪ್ರತಿ ಚಿತ್ರದಲ್ಲೂ ಒಂದೇ ಜಾಗದಲ್ಲಿ ಮಸುಕು ಕಲೆ ಕಂಡರೆ ಒಳಗೆ ಧೂಳು ಸೇರಿದೆ.

6. ಫ್ಲ್ಯಾಶ್, ಎಲ್ಲ ಗುಂಡಿಗಳು, ಮೇಲಿನ ತಿರುಗುಬಿಲ್ಲೆ, ಪರದೆ, ವಿಡಿಯೊದ ಧ್ವನಿ ಇವನ್ನು ಒಂದೊಂದಾಗಿ ಪರೀಕ್ಷಿಸಿ.

7. ಕೊನೆಯದಾಗಿ ಚಿತ್ರಗಳನ್ನು ಕಂಪ್ಯೂಟರಿನಲ್ಲೋ ಫೋನಿನಲ್ಲೋ ದೊಡ್ಡದಾಗಿಸಿ ನೋಡಿ. ಕ್ಯಾಮೆರಾದ ಪರದೆ ಒರಟಾದುದು, ಅದರಲ್ಲಿ ಎಲ್ಲ ಚಿತ್ರವೂ ಚೆನ್ನಾಗಿಯೇ ಕಾಣುತ್ತದೆ.

ಪ್ರತಿ ಬಾರಿ ಆನ್ ಮಾಡಿದಾಗಲೂ ದಿನಾಂಕ ಕೇಳಿದರೆ ಗಾಬರಿಯಾಗಬೇಕಿಲ್ಲ. ದಿನಾಂಕ ನೆನಪಿಡುವ ಪುಟ್ಟ ಬ್ಯಾಟರಿ ಮುಗಿದಿರುತ್ತದೆ. ಕ್ಯಾನನ್‌ನಲ್ಲಿ ಆ ಗುಂಡಿ ಬ್ಯಾಟರಿಯನ್ನು ನಾವೇ ಬದಲಿಸಬಹುದು. ಸೋನಿಯಲ್ಲಿ ಮುಖ್ಯ ಬ್ಯಾಟರಿಯನ್ನು ಒಂದು ದಿನ ಒಳಗೇ ಬಿಟ್ಟರೆ ಅದು ತಾನಾಗಿ ಚಾರ್ಜ್ ಆಗಬೇಕು. ಕೊಳ್ಳುವಾಗ ಹೆಸರು ಮತ್ತು ಕ್ಯಾಮೆರಾದ ಕ್ರಮಸಂಖ್ಯೆಯಿರುವ ರಸೀದಿ ಪಡೆಯುವುದನ್ನು ಮರೆಯಬಾರದು. ಕದ್ದ ಮಾಲಿನ ತಾಪತ್ರಯ ಯಾರಿಗೂ ಬೇಡ.

ನಿಜವಾದ ಬೆಲೆ ಎಷ್ಟು?

ಹಳೆಯ ಕ್ಯಾಮೆರಾಗೆ ನಿಗದಿತ ದರವೆಂಬುದಿಲ್ಲ. ಮಾರುವವನ ಬಾಯಲ್ಲಿ ಬಂದದ್ದೇ ದರ. ಆದ್ದರಿಂದ ಆತ ಹೇಳಿದ ಮೊತ್ತವನ್ನು ಮೊದಲು ಒಂದು ಚೀಟಿಯಲ್ಲಿ ಬರೆಯಿರಿ. ಸೋನಿಯಾದರೆ ಅದರ ಕೆಳಗೆ ಹೊಸ ಬ್ಯಾಟರಿ, ಚಾರ್ಜರ್, ಮೆಮೊರಿ ಸ್ಟಿಕ್, ಕಾರ್ಡ್ ರೀಡರ್ ಇವುಗಳಲ್ಲಿ ಇಲ್ಲದವುಗಳ ಬೆಲೆ ಸೇರಿಸಿ. ಕ್ಯಾನನ್ ಆದರೆ ನಾಲ್ಕು ಸೆಲ್, ಅವುಗಳ ಚಾರ್ಜರ್, ಒಂದು ಎಸ್‌ಡಿ ಕಾರ್ಡ್ ಸೇರಿಸಿ. ಹೋಲಿಸಬೇಕಾದುದು ಈ ಕೊನೆಯ ಮೊತ್ತಗಳನ್ನು. ಅಗ್ಗವೆಂದು ಕಂಡದ್ದು ಅನೇಕ ಬಾರಿ ಇಲ್ಲಿ ದುಬಾರಿಯಾಗುತ್ತದೆ. ಕ್ಯಾನನ್‌ಗೆಂದು ಕೊಂಡ ಸೆಲ್, ಚಾರ್ಜರ್, ಕಾರ್ಡ್ ನಾಳೆ ಆ ಕ್ಯಾಮೆರಾ ಕೆಟ್ಟರೂ ಬೇರೆಡೆ ಬಳಕೆಗೆ ಬರುತ್ತವೆ. ಸೋನಿಯ ಪರಿಕರಗಳಿಗೆ ಆ ಭಾಗ್ಯವಿಲ್ಲ.

ಈ ಎಲ್ಲವನ್ನೂ ತೂಗಿ ನೋಡಿದರೆ, ಹೊಸದಾಗಿ ಆರಂಭಿಸುವವರಿಗೆ, ಅದರಲ್ಲೂ ಕಲಿಯುವ ಆಸೆಯಿರುವವರಿಗೆ, ಕ್ಯಾನನ್ ಎ570 ಐಎಸ್ ಸೂಕ್ತವೆನ್ನಬಹುದು. ಮನೆಯಲ್ಲಿ ಈಗಾಗಲೇ ಕೆಲಸ ಮಾಡುವ ಮೆಮೊರಿ ಸ್ಟಿಕ್, ಸುಸ್ಥಿತಿಯ ಬ್ಯಾಟರಿ, ಚಾರ್ಜರ್ ಉಳ್ಳವರಿಗೆ ಹಾಗೂ ಜೇಬಿನಲ್ಲಿಟ್ಟು ತಿರುಗಾಡಬೇಕೆನ್ನುವವರಿಗೆ ಸೋನಿ ಡಬ್ಲ್ಯು55 ಕೂಡ ನಿರಾಶೆಗೊಳಿಸದು. ಆದರೆ ಎದುರಿಗಿರುವ ಕ್ಯಾನನ್‌ನ ಲೆನ್ಸ್ ತಡವರಿಸುತ್ತಿದ್ದು ಸೋನಿ ಎಲ್ಲ ಪರೀಕ್ಷೆಯಲ್ಲೂ ಗೆದ್ದಿದ್ದರೆ, ಮೇಲಿನ ಹೋಲಿಕೆಯನ್ನೆಲ್ಲ ಬದಿಗಿಟ್ಟು ಸೋನಿಯನ್ನೇ ಆರಿಸಬೇಕು. ಎರಡು ದಶಕದಷ್ಟು ಹಳೆಯ ವಸ್ತುವಿನಲ್ಲಿ ಮಾದರಿಗಿಂತ ಸ್ಥಿತಿ ಮುಖ್ಯ.

ಮತ್ತು ಯಾವುದನ್ನೇ ಕೊಂಡರೂ, ಮುಖ್ಯ ಸಮಾರಂಭಕ್ಕೆ ಒಯ್ಯುವ ಮೊದಲು ಒಂದು ವಾರ ಮನೆಯಲ್ಲಿ ಬಳಸಿ ನೋಡಬೇಕು. ಸಮಾರಂಭದ ದಿನ ಮಧ್ಯಾಹ್ನದ ಊಟಕ್ಕೆ ಮುನ್ನ ಒಮ್ಮೆ ಕಾರ್ಡ್ ತೆಗೆದು, ಬೆಳಗಿನ ಚಿತ್ರಗಳು ನಿಜಕ್ಕೂ ತೆರೆಯುತ್ತವೆಯೇ ಎಂದು ಫೋನಿನಲ್ಲೋ ಲ್ಯಾಪ್‌ಟಾಪಿನಲ್ಲೋ ನೋಡಿಕೊಳ್ಳಬೇಕು. ಕ್ಯಾಮೆರಾ ಕೆಟ್ಟರೆ ಇನ್ನೊಂದು ಸಿಗುತ್ತದೆ.